ಬೇಸಿಗೆಯ ಕೆರೆಯಲ್ಲಿ ಮೀನು ಹಿಡಿಯುವ ಹದ

ಶಿವರಾತ್ರಿ ಕಳೆದು ಚಳಿ ಹಿಂದೆಗೆದ ಮೇಲೆ ನಮ್ಮ ಬಯಲುಸೀಮೆಯ ಕೆರೆಗಳ ನೀರು ದಿನದಿನಕ್ಕೆ ಏರಿಯ ಕಡೆಗೆ ಸರಿಯತೊಡಗುತ್ತದೆ. ಹಿಂಗಾರಿನಲ್ಲಿ ಕೋಡಿ ಹರಿದ ಕೆರೆಯೂ ಯುಗಾದಿ ಕಳೆದು ಕೆಲವು ವಾರಗಳಾಗುವ ಹೊತ್ತಿಗೆ ಅಂಗಳವನ್ನೆಲ್ಲ ಬಿಟ್ಟುಕೊಟ್ಟು ತೂಬಿನ ಮುಂದಿನ ತಗ್ಗಿನಲ್ಲಿ ಮುದುರಿಕೊಳ್ಳುತ್ತದೆ. ಮುಂಗಾರಿನ ನೀರಿಗೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯ ಮರಿಗಳು ಬಲಿತು ಮಾರಾಟಕ್ಕೆ ಬರುವುದೂ ಇದೇ ಕಾಲದಲ್ಲಿ. ನೀರು ಕಡಿಮೆ, ಮೀನು ದಟ್ಟ. ಆದ್ದರಿಂದ ಹಿಡಿಯುವುದು ಸುಲಭ. ಆದರೆ ಎಂಟು ಹತ್ತು ತಿಂಗಳು ಸಾಕಿದ ಮೀನು ಒಂದೇ ರಾತ್ರಿಯಲ್ಲಿ ಸತ್ತು ತೇಲುವುದೂ ಇದೇ ಕಾಲದಲ್ಲಿಯೇ.

ಬೇಸಾಯಶಾಸ್ತ್ರದವನಿಗೆ ಮೀನಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೆರೆಯ ಕೆಳಗಿನ ಬೇಸಿಗೆ ಭತ್ತ ಹೊಡೆ ತುಂಬಿ ತೆನೆ ಹಾಯುವ ಹಂತದಲ್ಲಿತ್ತು. ಆ ಹಂತದಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ ಎಂಬುದು ರೈತರಿಗೆಲ್ಲ ತಿಳಿದ ವಿಷಯ. ಏಪ್ರಿಲ್ ಮೂರನೆಯ ವಾರ ಊರಿನವರು ನನ್ನನ್ನು ಕರೆದೊಯ್ದು ಕೆರೆ ತೋರಿಸಿದರು. ನಾನು ನೀರಿನ ಆಳ ನೋಡಿ, ಗದ್ದೆಯ ವಿಸ್ತೀರ್ಣ ಕೇಳಿ, ಇನ್ನೊಂದು ಸಲ ಧಾರಾಳವಾಗಿ ತೂಬು ಎತ್ತಬಹುದೆಂದು ಹೇಳಿ ಬಂದೆ. ತೂಬು ಎತ್ತಿದರು, ಭತ್ತ ಉಳಿಯಿತು. ಭರಣಿ ಮಳೆಯ ಮೊದಲ ದಿನಗಳಲ್ಲಿ ಎರಡು ದಿನ ಮೋಡ ಕವಿದು, ಮೂರನೆಯ ದಿನ ಸಂಜೆ ಹದಿನೈದು ನಿಮಿಷ ಬಿರುಸಾದ ಮಳೆ ಬಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಕೆರೆಯ ದಡದುದ್ದಕ್ಕೂ ಕಾಟ್ಲಾ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಆ ಕೆರೆಯನ್ನು ಊರಿನ ಬೆಸ್ತರ ಸಂಘ ಗುತ್ತಿಗೆ ಹಿಡಿದಿತ್ತು. ಮರಿಗಳಿಗೆಂದು ಸಾಲ ಮಾಡಿತ್ತು. ನಾನು ಹೋದಾಗ ಸಂಘದ ಹಿರಿಯರೊಬ್ಬರು ಸಿಟ್ಟು ಮಾಡಲಿಲ್ಲ. "ನೀರಿನ ಲೆಕ್ಕ ಹಾಕಿದ್ರಿ ಸ್ವಾಮಿ, ಮೀನಿನ ಲೆಕ್ಕ ಬಿಟ್ಟುಬಿಟ್ರಿ" ಎಂದಷ್ಟೇ ಹೇಳಿದರು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತೇವೆ. ಬತ್ತಿದ ಕೆರೆಯ ಮೀನಿಗೆ ಆ ಮಾತು ಒಪ್ಪುವುದಿಲ್ಲವೆಂದು ನಾನು ಕಲಿತದ್ದು ಅಂದು.

ಮೀನಿನ ಲೆಕ್ಕ

ಆ ಹಿರಿಯರು ಹೇಳಿದ ಲೆಕ್ಕ ಕಷ್ಟದ್ದೇನೂ ಅಲ್ಲ. ಶಿವರಾತ್ರಿಯ ವೇಳೆಗೆ 10 ಹೆಕ್ಟೇರ್ ಹರಡಿದ್ದ ಕೆರೆಯಲ್ಲಿ 2,000 ಕಿಲೋಗ್ರಾಂ ಮೀನು ಇದೆಯೆಂದು ಇಟ್ಟುಕೊಳ್ಳೋಣ. ಅಂದರೆ ಹೆಕ್ಟೇರಿಗೆ 200 ಕಿಲೋ. ಏಪ್ರಿಲ್ ಕೊನೆಗೆ ನೀರು 2 ಹೆಕ್ಟೇರಿಗೆ ಇಳಿದರೆ, ಒಂದು ಮೀನೂ ಹೆಚ್ಚಾಗದಿದ್ದರೂ ಹೆಕ್ಟೇರಿಗೆ 1,000 ಕಿಲೋ ಆಯಿತು. ಆಳವೂ ತಗ್ಗಿರುವುದರಿಂದ ನಿಜವಾದ ಇಕ್ಕಟ್ಟು ಇದಕ್ಕಿಂತ ಹೆಚ್ಚು. ಇದರ ಮೇಲೆ ಬಿಸಿಲು ಇನ್ನೊಂದು ಕಡೆಯಿಂದ ಕತ್ತರಿ ಹಾಕುತ್ತದೆ. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಗೆ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿನ ಉಸಿರಾಟ ಮಾತ್ರ ಜೋರಾಗುತ್ತದೆ. ಕಣಜ ಕಿರಿದಾಗಿ ಉಣ್ಣುವ ಬಾಯಿ ಹೆಚ್ಚಿದ ಮನೆಯಂತೆ ಕೆರೆಯ ಸ್ಥಿತಿಯಾಗುತ್ತದೆ.

ಕೆರೆಯ ನೀರಿಗೆ ಹಸಿರು ಬಣ್ಣ ಕೊಡುವ ಸೂಕ್ಷ್ಮ ಪಾಚಿ ಹಗಲಿನಲ್ಲಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಮೀನಿನಂತೆಯೇ ಉಸಿರಾಡುತ್ತದೆ. ಆದುದರಿಂದ ನೀರಿನಲ್ಲಿ ಆಮ್ಲಜನಕ ಅತಿ ಹೆಚ್ಚಿರುವುದು ಮಧ್ಯಾಹ್ನದ ಮೇಲೆ, ಅತಿ ಕಡಿಮೆಯಿರುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಗೆಂಡೆ ಜಾತಿಯ ಮೀನು ಸುಖವಾಗಿರುತ್ತದೆ. 3 ಮಿಲಿಗ್ರಾಂಗಿಂತ ಇಳಿದರೆ ಕಷ್ಟ. ನೀರು ಗಾಢ ಹಸಿರಾಗಿದ್ದರೆ ಮೀನಿಗೆ ಮೇವು ಚೆನ್ನಾಗಿದೆಯೆಂದು ಹಿಗ್ಗುವವರಿದ್ದಾರೆ. ಆಳವಿದ್ದಾಗ ಆ ಮಾತು ನಿಜ. ಬೇಸಿಗೆಯ ಮೊಣಕಾಲುದ್ದ ನೀರಿನಲ್ಲಿ ಅದೇ ಹಸಿರು ಅಪಾಯದ ಬಣ್ಣ.

ಮಳೆ ಬಂದರೆ ಹೊಸ ನೀರು ಬಂದು ಮೀನಿಗೆ ಒಳ್ಳೆಯದಾಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಮುಂಗಾರು ಬಲಿತ ಮೇಲೆ ಒಳ್ಳೆಯದೇ. ಅಶ್ವಿನಿ, ಭರಣಿಯ ತುಂಡು ಮಳೆಯ ರೀತಿ ಬೇರೆ. ಮಳೆಗೆ ಮುಂಚೆ ಕವಿದ ಮೋಡ ಪಾಚಿಯ ಕೆಲಸವನ್ನು ನಿಲ್ಲಿಸುತ್ತದೆ. ಬಿದ್ದ ತಣ್ಣನೆಯ ನೀರು ಭಾರವಾಗಿ ತಳಕ್ಕಿಳಿದು, ತಳದಲ್ಲಿದ್ದ ಕೊಳೆತ ಗೋಡಿನ ನೀರನ್ನು ಮೇಲಕ್ಕೆ ಎಬ್ಬಿಸುತ್ತದೆ. ನಾಲ್ಕು ತಿಂಗಳು ಒಣಗಿದ್ದ ಅಂಗಳದ ಸಗಣಿ, ಎಲೆ ಕಸ, ಬೂದಿಯೆಲ್ಲ ಕೊಚ್ಚಿಬಂದು ಕೊಳೆಯತೊಡಗಿ, ಇರುವ ಚೂರುಪಾರು ಆಮ್ಲಜನಕವನ್ನೂ ತಿಂದುಹಾಕುತ್ತವೆ. ನೀರಿನ ಪ್ರಮಾಣ ಮಾತ್ರ ಹೇಳಿಕೊಳ್ಳುವಂತೆ ಹೆಚ್ಚಿರುವುದಿಲ್ಲ. ಚರಂಡಿ ನೀರು ಸೇರುವ ಕೆರೆಗಳಲ್ಲಿ ಮಳೆಗಾಗಿ ಕಾಯುವ ಅಗತ್ಯವೂ ಇಲ್ಲ. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಹಲವರು ನೋಡಿರಬಹುದು.

ಮೊದಲು ಬಲೆ, ಆಮೇಲೆ ತೂಬು

ಭತ್ತಕ್ಕೆ ಆ ದಿನ ನೀರು ಬಿಡಿಸಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಕ್ರಮ ತಪ್ಪಿತ್ತು. ತೂಬು ಎತ್ತುವ ಒಂದು ವಾರ ಮುಂಚೆ ಎಳೆಬಲೆ ಹಾಕಿ ಅರ್ಧಕ್ಕಿಂತ ಹೆಚ್ಚು ಮೀನು ತೆಗೆಸಿದ್ದರೆ ಗದ್ದೆಯೂ ಉಳಿಯುತ್ತಿತ್ತು, ಸಂಘವೂ ಉಳಿಯುತ್ತಿತ್ತು. ಅಚ್ಚುಕಟ್ಟಿನ ರೈತರು ಮತ್ತು ಮೀನಿನ ಗುತ್ತಿಗೆದಾರರು ಫೆಬ್ರವರಿಯಲ್ಲಿ ಒಮ್ಮೆ ಏರಿಯ ಮೇಲೆ ಕೂತು, ಇನ್ನು ಎಷ್ಟು ಸಲ ತೂಬು ಎತ್ತಬೇಕು, ಯಾವ ಯಾವ ವಾರ ಎಂದು ಮಾತಾಡಿಕೊಳ್ಳಬೇಕು. ತೂಬಿನ ಕಂಬದ ಮೇಲೆ ಬಣ್ಣದ ಗೆರೆಯೊಂದನ್ನು ಎಳೆದು, ನೀರು ಅಲ್ಲಿಗೆ ಇಳಿಯುವಷ್ಟರಲ್ಲಿ ದೊಡ್ಡ ಮೀನೆಲ್ಲ ಹೊರಗೆ ಬಂದಿರಬೇಕೆಂದು ಗೊತ್ತುಮಾಡಿಕೊಂಡರೆ ಜಗಳವೇ ಇರುವುದಿಲ್ಲ.

ಫೆಬ್ರವರಿಯಿಂದಲೇ ಸ್ವಲ್ಪ ಸ್ವಲ್ಪವಾಗಿ ಹಿಡಿಯುವುದು ಲೇಸು. ಮೊದಲು ದೊಡ್ಡ ಕಣ್ಣಿನ ಬಲೆ ಹಾಕಿ, ಒಂದು ಕಿಲೋ ಮುಟ್ಟಿದ ಕಾಟ್ಲಾ ತೆಗೆಯಿರಿ. ಕಾಟ್ಲಾ ಮೇಲ್ಮಟ್ಟದಲ್ಲಿ ಓಡಾಡುವ ಮೀನು, ಆಮ್ಲಜನಕ ಕಡಿಮೆಯಾದರೆ ಬೇಗ ಸೋಲುತ್ತದೆ. ಉಳಿದ ಸಣ್ಣ ಮೀನಿಗೆ ಜಾಗ ಸಿಕ್ಕಿ ಅವು ಮಾರ್ಚ್ ಕೊನೆಯವರೆಗೆ ಮೈ ತುಂಬಿಕೊಳ್ಳುತ್ತವೆ. ತಳದಲ್ಲಿರುವ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಬಲೆಯ ಅಡಿಯಲ್ಲಿ ನುಸುಳಿಕೊಳ್ಳುವುದರಿಂದ ಅವನ್ನು ಕೊನೆಗೆ, ನೀರು ತಗ್ಗಿದಾಗ ಹಿಡಿಯುವುದು ಅನುಕೂಲ. ಒಂದೇ ದಿನ ಎಲ್ಲ ಹಿಡಿದರೆ ಸಂತೆಯಲ್ಲಿ ಬೆಲೆ ಬೀಳುವುದೂ ಖಂಡಿತ.

ಬಲೆ ಎಳೆಯುವುದು ಬೆಳಗಿನ ತಂಪಿನಲ್ಲಿಯೇ ಆಗಬೇಕು. ಆದರೆ ಮೀನು ಬಾಯಿ ತೆರೆದು ಮೇಲೆ ಗುಟುಕರಿಸುತ್ತಿರುವಾಗ ಇಡೀ ಕೆರೆಯ ಗೋಡು ಕದಡುವಂತೆ ಬಲೆ ಎಳೆದರೆ ಉಳಿದ ಮೀನಿಗೂ ಕುತ್ತು. ಅಂತಹ ದಿನ ಬಿಸಿಲೇರಿ ಮೀನು ಕೆಳಕ್ಕಿಳಿಯುವವರೆಗೆ ಕಾಯಿರಿ. ಹಿಡಿದ ಮೀನನ್ನು ನೆರಳಿಗೆ ಹಾಕಿ, ತೂಕಕ್ಕೆ ತೂಕ ಮಂಜುಗಡ್ಡೆ ಪುಡಿ ಮಾಡಿ ಪದರ ಪದರವಾಗಿ ತುಂಬಬೇಕು. ಚೈತ್ರ ವೈಶಾಖದ ಬಿಸಿಲಿನಲ್ಲಿ ಹಸಿ ಗೋಣಿ ಹೊದಿಸಿ ಸಂತೆಗೆ ಒಯ್ದ ಮೀನು ಮಧ್ಯಾಹ್ನಕ್ಕೆ ಕಿವಿರು ಕಪ್ಪಾಗಿ ಅರ್ಧ ಬೆಲೆಗೂ ಹೋಗುವುದಿಲ್ಲ.

ಅಪಾಯದ ಸೂಚನೆ ತಿಳಿಯಲು ಯಂತ್ರವೇನೂ ಬೇಡ. ಮೋಡ ಕವಿದ ದಿನಗಳಲ್ಲಿ ಕೋಳಿ ಕೂಗುವ ಹೊತ್ತಿಗೆ ಒಬ್ಬರು ಏರಿಯ ಮೇಲೆ ಹೋಗಿ ನೋಡಬೇಕು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದು, ಚಪ್ಪಾಳೆ ತಟ್ಟಿದಾಗ ಬೆದರಿ ಕೆಳಕ್ಕಿಳಿದರೆ ಇನ್ನೂ ಸಮಯವಿದೆ. ಸದ್ದಿಗೂ ಕದಲದಿದ್ದರೆ ತಡಮಾಡಬಾರದು. ಪಂಪ್‌ಸೆಟ್ ಇಟ್ಟು ಅದೇ ಕೆರೆಯ ನೀರನ್ನೇ ಎತ್ತಿ, ಎತ್ತರದಿಂದ ಹಲಗೆಯ ಮೇಲೆ ಚೆಲ್ಲುವಂತೆ ಮತ್ತೆ ಕೆರೆಗೇ ಬೀಳಿಸಿರಿ; ಹೀರುವ ಪೈಪನ್ನು ತಳದ ಗೋಡಿಗೆ ತಾಗಿಸದೆ ಮೇಲ್ಮಟ್ಟದಲ್ಲಿಯೇ ಇಡಿ. ಕೊಳವೆ ಬಾವಿಯ ಅಥವಾ ನಾಲೆಯ ನೀರು ಸಿಕ್ಕಿದರೆ ಇನ್ನೂ ಉತ್ತಮ. ಅದನ್ನೂ ಗಾಳಿಯಲ್ಲಿ ಚಿಮ್ಮಿಸಿಯೇ ಬಿಡಬೇಕು. ಮೇವು, ಸಗಣಿ ಹಾಕುವುದನ್ನು ಅಂದಿನಿಂದಲೇ ನಿಲ್ಲಿಸಬೇಕು. ಕೆಲವರು ಗಾಬರಿಯಿಂದ ಸುಟ್ಟ ಸುಣ್ಣ ತಂದು ಸುರಿಯುತ್ತಾರೆ. ಗಾಢ ಹಸಿರಿನ ನೀರು ಮಧ್ಯಾಹ್ನಕ್ಕೆ ತಾನೇ ಕ್ಷಾರವಾಗಿರುತ್ತದೆ; ಅದಕ್ಕೆ ಸುಣ್ಣ ಸೇರಿದರೆ ನೀರಿನಲ್ಲಿರುವ ಅಮೋನಿಯ ವಿಷವಾಗಿ ಪರಿಣಮಿಸುತ್ತದೆ. ಸುಣ್ಣ ಹಾಕುವ ಕಾಲ ಕೆರೆ ಒಣಗಿದಾಗ.

ಇನ್ನೊಂದು ಮಾತು ನಮ್ಮ ಬೆಳೆಗಾರರಿಗೇ ಸೇರಿದ್ದು. ಸೈಪರ್‌ಮೆಥ್ರಿನ್ ಮುಂತಾದ ಪೈರೆಥ್ರಾಯ್ಡ್ ಕೀಟನಾಶಕಗಳು ಮನುಷ್ಯನಿಗಿಂತ ಮೀನಿಗೆ ಬಹುಪಾಲು ಹೆಚ್ಚು ವಿಷ. ಟೊಮಾಟೊ, ಬದನೆಗೆ ಹೊಡೆದು ಬಂದು ಸಿಂಪರಣಾ ಯಂತ್ರವನ್ನು ಕೆರೆಯಲ್ಲಿ ತೊಳೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಬೇಸಿಗೆಯ ಗುಂಡಿ ನೀರಿಗೆ ಆ ತೊಳೆದ ನೀರೇ ಸಾಕು.

ಗಾಳ, ಕೂಣಿ ಮತ್ತು ಹೊಳೆಯ ಮಡು

ಮನೆ ಮಟ್ಟಿಗೆ ಗಾಳ ಹಾಕುವವರಿಗೂ ಇದು ಒಳ್ಳೆಯ ಕಾಲ. ಗುತ್ತಿಗೆ ಕೆರೆಯಾದರೆ ಗುತ್ತಿಗೆದಾರರನ್ನು ಕೇಳಿಯೇ ಹಾಕಬೇಕು. ಚಳಿಗಾಲದಲ್ಲಿ ಮಂಕಾಗಿದ್ದ ಗೆಂಡೆ ಜಾತಿಯ ಮೀನುಗಳು ನೀರು ಬೆಚ್ಚಗಾದಂತೆ ಹಸಿದು ತಿರುಗುತ್ತವೆ. ಬೆಳಗಿನ ಬಿಸಿಲು ಬಿದ್ದ ಮೇಲೆ ಎರಡು ಗಂಟೆ ಮತ್ತು ಸಂಜೆ ಹೊತ್ತು ಮುಳುಗುವ ಮುಂಚೆ ಅವು ದಡದ ಕಡೆ ಬರುತ್ತವೆ. ನಡು ಮಧ್ಯಾಹ್ನ ಏರಿಯ ಬುಡದ ಆಳ ನೀರಿನಲ್ಲಿರುತ್ತವೆ. ಗೆಂಡೆಗೆ ಗಟ್ಟಿಯಾಗಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ, ಇಲ್ಲವೇ ಎರೆಹುಳು ಸಾಕು. ಗೆಂಡೆ ಮೆಲ್ಲಗೆ ಚೀಪಿ ನೋಡುವ ಮೀನು. ಬೆಂಡು ಒಮ್ಮೆ ಅಲುಗಿದೊಡನೆ ಎಳೆಯದೆ, ಅದು ಓರೆಯಾಗಿ ಸಾಗುವವರೆಗೆ ತಾಳ್ಮೆ ಬೇಕು. ಕೊರವ ಮೀನು ಹಾಗಲ್ಲ. ಜೊಂಡಿನ ಮರೆಯಿಂದ ನುಗ್ಗಿ ಹಿಡಿಯುತ್ತದೆ. ಅದಕ್ಕೆ ಸಣ್ಣ ಮೀನೇ ಎರೆ. ಕೆಂಪು ಮರಿಗಳ ಗುಂಪೊಂದು ಮೇಲೆ ಮೇಲೆ ತೇಲುತ್ತಿದ್ದರೆ ಅದರ ಅಡಿಯಲ್ಲಿ ಕಾವಲಿಗೆ ತಾಯಿ ತಂದೆ ಮೀನುಗಳಿರುತ್ತವೆ. ಆಗ ಗಾಳ ಹಾಕುವುದು ಬಹಳ ಸುಲಭವೆಂದು ಬಲ್ಲವರು ಹೇಳುತ್ತಾರೆ. ಹಾಗೆ ಹಿಡಿದರೆ ನೂರಾರು ಮರಿಗಳು ಎರಡು ದಿನದಲ್ಲಿ ಕೊಕ್ಕರೆಯ ಪಾಲಾಗುತ್ತವೆ. ಸಾಮಾನ್ಯ ಗೆಂಡೆಯೂ ಈ ತಿಂಗಳುಗಳಲ್ಲಿ ಕೆರೆಯ ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುವುದರಿಂದ, ವರ್ಷವಿಡೀ ನೀರಿರುವ ಕೆರೆಗಳಲ್ಲಿ ಗಿಡ ಬೆಳೆದ ಅಂಚನ್ನು ಬಲೆಯಿಂದ ಬಾಚಬಾರದು.

ಹೊಳೆಗಳ ಸಂಗತಿ ಹೆಚ್ಚು ಸೂಕ್ಷ್ಮವಾದದ್ದು. ತುಂಗೆ, ಭದ್ರೆ, ಕಾವೇರಿಗಳಲ್ಲಿ ಬೇಸಿಗೆಯ ಹರಿವು ಸೊರಗಿದಾಗ ಇಡೀ ಹೊಳೆಯ ತಾಯಿ ಮೀನುಗಳೆಲ್ಲ ಕೆಲವೇ ಮಡುಗಳಲ್ಲಿ ಸೇರಿಕೊಳ್ಳುತ್ತವೆ. ಅಂತಹ ಮಡುವಿಗೆ ಸಿಡಿಮದ್ದು ಹಾಕುವವರು, ಬ್ಲೀಚಿಂಗ್ ಪುಡಿ ಅಥವಾ ಕಾರೆ ಕಾಯಿ ಅರೆದು ಕದಡುವವರು ಮರಿ ಮೊಟ್ಟೆಯೊಂದನ್ನೂ ಉಳಿಸದೆ ಆ ಹೊಳೆಯ ಮುಂದಿನ ಹಲವು ವರ್ಷಗಳನ್ನು ಕೊಲ್ಲುತ್ತಾರೆ. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಸ್ಫೋಟಕವನ್ನೂ ವಿಷವನ್ನೂ ನಿಷೇಧಿಸಿತ್ತು. ಕಾವೇರಿಯ ಗೂನು ಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ತುತ್ತತುದಿಯಲ್ಲಿರುವ ಜಾತಿಯೆಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದೆ. ಶೃಂಗೇರಿಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ದೇವರ ಮೀನೆಂದು ಮಡುವನ್ನು ಕಾಯ್ದುಕೊಂಡು ಬಂದವರು ವಿಜ್ಞಾನ ಓದಿದವರಲ್ಲ. ಆದರೆ ಬೇಸಿಗೆಯ ಮಡುವನ್ನು ಮುಟ್ಟಬಾರದೆಂಬ ಅವರ ಕಟ್ಟಳೆಯನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಮಲೆನಾಡಿನ ಹತ್ತುಮೀನು, ತುಳುನಾಡಿನ ಉಬರ್ ಕೂಡ ಹೀಗೆಯೇ. ಮೊದಲ ಮಳೆಯ ಹೊಸ ನೀರಿಗೆ ತೋಡು, ಗದ್ದೆ ಹತ್ತುವುದೆಲ್ಲ ಮೊಟ್ಟೆ ತುಂಬಿದ ಮೀನು. ತಲೆಮಾರುಗಳ ಸಂಭ್ರಮವನ್ನು ಬಿಡಿ ಎನ್ನುವ ಧೈರ್ಯ ನನಗಿಲ್ಲ. ತೋಡಿನ ಅಗಲಕ್ಕೆಲ್ಲ ಕೂಣಿ ಒಡ್ಡದೆ ಅರ್ಧದಷ್ಟು ದಾರಿ ಬಿಡಿರೆಂದು ಕೇಳುತ್ತೇನೆ.

ಕೊನೆಯ ಗುಂಡಿ

ಮೇ ತಿಂಗಳಲ್ಲಿ ಕೆರೆ ಒಂದೆರಡು ಗುಂಡಿಗೆ ಇಳಿದಾಗ ಅದರಲ್ಲಿ ಉಳಿದಿರುವುದು ಸಾಮಾನ್ಯವಾಗಿ ಕೊರವ, ಚೇಳು ಮೀನು, ತಿಲಾಪಿಯ. ದುರದೃಷ್ಟವಿದ್ದರೆ ಆಫ್ರಿಕಾದ ಕ್ಯಾಟ್‌ಫಿಶ್. ಕೊರವ, ಚೇಳು, ಕ್ಯಾಟ್‌ಫಿಶ್‌ಗಳು ಗಾಳಿಯನ್ನೇ ಉಸಿರಾಡಬಲ್ಲವಾದ್ದರಿಂದ ಕೆಸರಿನಲ್ಲೂ ಬದುಕುತ್ತವೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾಕುವುದನ್ನು ಭಾರತ ಸರ್ಕಾರ 2000ದಲ್ಲಿ ನಿಷೇಧಿಸಿದ್ದರೂ ಅದು ನಮ್ಮ ಕೆರೆ ಹೊಳೆಗಳನ್ನು ಸೇರಿಕೊಂಡಿದೆ. ಈ ಗುಂಡಿಗಳನ್ನು ಪೂರ್ತಿ ಬಾಚಿ ತೆಗೆಯದೆ ಮುಂಗಾರಿನಲ್ಲಿ ಹೊಸ ಮರಿ ಬಿಟ್ಟರೆ, ದುಡ್ಡು ಕೊಟ್ಟು ತಂದ ಮರಿಗಳು ಇವುಗಳ ಊಟವಾಗುತ್ತವೆ. ಗುಂಡಿ ಬಾಚಿದ ಮೇಲೆ ತಳದ ಗೋಡನ್ನು ಹೊಲಕ್ಕೆ ಹೊಡೆಯಬಹುದು. ಮೀನಿನ ಮಲ, ಕೊಳೆತ ಪಾಚಿ ಸೇರಿದ ಈ ಗೋಡು ಮರಳು ಭೂಮಿಗೆ ತುಂಬ ಒಳ್ಳೆಯದು. ಏರಿಯ ಬುಡದಲ್ಲಿ ಮಾತ್ರ ತೋಡಬೇಡಿ. ಒಣಗಿದ ತಳಕ್ಕೆ ಹೆಕ್ಟೇರಿಗೆ ಸುಮಾರು 200 ಕಿಲೋ ಸುಣ್ಣ ಎರಚಿ ಬಿಸಿಲಿಗೆ ಬಿಡಿರಿ. ನಾನು ಹೇಳಿದ ಹಳ್ಳಿಯ ಸಂಘದವರು ಈಗ ರೋಹಿಣಿ ಮಳೆಗೆ ಮುಂಚೆಯೇ ಈ ಕೆಲಸ ಮುಗಿಸಿ, ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರಕ್ಕೆ ತಮ್ಮ ಬೇಡಿಕೆ ಪತ್ರವನ್ನು ಮೇ ಕೊನೆಯೊಳಗೆ ಕೊಟ್ಟುಬಿಡುತ್ತಾರೆ. ತೂಬಿನ ಕಂಬದ ಮೇಲೆ ಕೆಂಪು ಗೆರೆಯೂ ಇದೆ. ಅದನ್ನು ಎಲ್ಲಿ ಎಳೆಯಬೇಕೆಂದು ಅವರು ನನ್ನನ್ನು ಕೇಳಲಿಲ್ಲ.