ಕೆರೆಯ ನೀರು, ನಾಗರಿಕ ಹಕ್ಕು

ನಾಗರಿಕ ಹಕ್ಕುಗಳ ರಕ್ಷಣೆ ಎಂದೊಡನೆ ನಮ್ಮ ಬುದ್ಧಿಜೀವಿಗಳಿಗೆ ನೆನಪಾಗುವುದು ಪೊಲೀಸರು, ಸೆನ್ಸಾರು, ತುರ್ತುಪರಿಸ್ಥಿತಿ. ಪ್ರಭುತ್ವ ಒಂದು ಕಡೆ, ಪ್ರಜೆ ಇನ್ನೊಂದು ಕಡೆ. ಸರಿ, ನಡುವೆ ಇರೋ ಊರು ಎಲ್ಲಿ ಹೋಯ್ತು?

1927ರ ಮಾರ್ಚ್‌ನಲ್ಲಿ ಕೊಂಕಣದ ಮಹಾಡ್‌ನಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ನಡೆದ ಸಭೆ ಕೇಳಿದ್ದು ಇದನ್ನೇ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು. ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದಿತ್ತು. ಕಾಗದದ ಮೇಲೆ ಎಲ್ಲ ಇತ್ತು ಅನ್ನಿ. ಇಳಿಯೋಕೆ ಊರು ಬಿಡಲಿಲ್ಲ. ಮಾರ್ಚ್ 20ರಂದು ಸಭೆಗೆ ಬಂದವರು ಮೆರವಣಿಗೆಯಲ್ಲಿ ಹೋಗಿ ಆ ನೀರು ಕುಡಿದರು. ಇವರು ಗುಡಿಗೂ ನುಗ್ಗುತ್ತಾರೆಂಬ ಗಾಳಿಸುದ್ದಿ ಹಬ್ಬಿತು, ಸವರ್ಣೀಯರು ಹಿಡಿದು ಬಡಿದರು. ಆಮೇಲೆ ಸಗಣಿ, ಗಂಜಳ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. (ದನ ಕುಡಿದರೆ ಕೆಡದ ನೀರು!) ಡಿಸೆಂಬರಿನಲ್ಲಿ ಮತ್ತೆ ಸೇರಿದಾಗ ಕೋರ್ಟಿನ ತಡೆಯಾಜ್ಞೆ ಅಡ್ಡ ಬಂತು. ಮನುಸ್ಮೃತಿಯನ್ನು ಸುಟ್ಟರು, ಕೆರೆಗೆ ಇಳಿಯಲಿಲ್ಲ. ಮುಂಬಯಿ ಹೈಕೋರ್ಟಿನ ತೀರ್ಪು ಅವರ ಪರ ಬಂದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಸಂವಿಧಾನದ 19ನೇ ವಿಧಿ ಸಭೆ ಸೇರುವ ಹಕ್ಕನ್ನು ಪ್ರಭುತ್ವದ ಎದುರು ಕೊಡುತ್ತದೆ. 15ನೇ ವಿಧಿಯಾದರೋ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರಿಟ್ಟೇ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುತ್ತದೆ. ಇವು ಊರನ್ನೂ ಕಟ್ಟಿಹಾಕುವಂಥವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಬಂದದ್ದು 1976ರಲ್ಲಿ, ಅದೂ ತುರ್ತುಪರಿಸ್ಥಿತಿಯ ನಡುವೆ! ಅದರ ಪ್ರಕಾರ ನಾಗರಿಕ ಹಕ್ಕು ಎಂದರೆ ಅಸ್ಪೃಶ್ಯತೆ ರದ್ದಾದದ್ದರಿಂದ ದೊರೆತ ಹಕ್ಕು. ತುರ್ತುಪರಿಸ್ಥಿತಿ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರು ಆ ಕಾಯಿದೆಯನ್ನು ತೆರೆದೂ ನೋಡಿಲ್ಲ ಅಂತ ಕಾಣ್ತದೆ.