ಬಿದ್ದವರ ಕಡೆಯಿಂದ ಕೇಳಿದ ಯುದ್ಧ

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಬಂದವರೆಲ್ಲ ಕತ್ತೆತ್ತಿ ಒಳಮಾಳಿಗೆಯ ಕಲ್ಲಿನ ತಾವರೆಯನ್ನು ನೋಡುತ್ತಾರೆ. ಊರಿನ ವೀರಗಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಸನ್ನಿಧಿ.

1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಆನೆಕೆರೆಯ ಹತ್ತಿರ ದಂಡು ಇಳಿಸಿ ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಸೇನಾಪತಿ ಸೋಹಣಿ ಎದುರು ನಿಂತ. ಆ ಸಲ ಹೊಯ್ಸಳರು ಹಿಮ್ಮೆಟ್ಟಿದರು, ಸೋಹಣಿ ಮಾತ್ರ ಮನೆಗೆ ಬರಲಿಲ್ಲ. ಇದನ್ನು ಹೇಳುವುದು ಇಲ್ಲಿಯದೇ ಒಂದು ವೀರಗಲ್ಲಿನ ಬರಹ. ಬಲ್ಲಾಳನ ಬಿರುದಾವಳಿ ಓದಿದರೆ ಗೆದ್ದ ಕೋಟೆಗಳ ಹೆಸರು ಸಿಗುತ್ತವೆ. ಕೋಟೆ ಉಳಿಸಲು ಸತ್ತವನ ಹೆಸರು ಬೇಕೆಂದರೆ ಕಲ್ಲಿನ ಹತ್ತಿರವೇ ಬರಬೇಕು. ಈ ಸೀಮೆಯ ಯುದ್ಧಗಳನ್ನು ಬಿದ್ದವರ ಕಡೆಯಿಂದ ಕೇಳಬೇಕೆಂದು ನಾನು ನಂಬುವುದು ಇದಕ್ಕೇ.

ಹಾನಗಲ್ಲು, ಹಿರೇಕೆರೂರಿನಂಥ ಸೀಮೆಗಳಲ್ಲಿ ರಾಜರಿಗಾಗಿ ಮಡಿದವರಷ್ಟೇ ಅಲ್ಲ, ತುರುಗೋಳಿನಲ್ಲಿ ಊರ ದನ ಬಿಡಿಸಿಕೊಳ್ಳಲು ಹೋಗಿ ಮಡಿದವರಿಗೂ ಕಲ್ಲು ನೆಟ್ಟರು. ಹಾನಗಲ್ಲಿಗೆ ವಿರಾಟನಗರವೆಂಬ ಹೆಸರೂ ಉಂಟು. ಕುಂತಿಯ ಹೆಸರಿನ ದಿಬ್ಬವನ್ನು ಜನ ಇಂದಿಗೂ ತೋರಿಸುತ್ತಾರೆ. ವಿರಾಟಪರ್ವದ ಕಾಳಗವೂ ದನ ಹೊಡೆದುಕೊಂಡು ಹೋದ ಜಗಳವೇ. ದೊಡ್ಡಾಟದಲ್ಲಿ ಉತ್ತರಕುಮಾರ ಒಳಮನೆಯಲ್ಲಿ ಪೌರುಷ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಜಿಗಿದು ಓಡುವಾಗ ಮಂದಿ ಬಿದ್ದು ಬಿದ್ದು ನಗುತ್ತಾರೆ. ಆದರೆ ದಂಡು ಕಂಡರೆ ಹೆದರಿಕೆಯಾಗುವುದು ಎಷ್ಟು ಸಹಜ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವ ದೃಶ್ಯ ಇನ್ನೊಂದಿಲ್ಲ. ಹಾನಗಲ್ಲು ತಾಲ್ಲೂಕಿನ ಶೇಷಗಿರಿ ತನ್ನದೇ ರಂಗಮಂದಿರ ಕಟ್ಟಿಕೊಂಡ ಊರು. ಆಟದ ಹುಚ್ಚು ಈ ನೆಲಕ್ಕೆ ಹೊಸದಲ್ಲ.

ಯುದ್ಧದ ಗಾಯ ಕಂಡ ಕವಿಯೂ ಈ ಸೀಮೆಯಲ್ಲಿದ್ದರು. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ದಂಡನಾಯಕರಾಗಿದ್ದರು, ಕಾಳಗದಲ್ಲಿ ಗಾಯಗೊಂಡು ಕತ್ತಿ ಕೆಳಗಿಟ್ಟರು ಎಂಬುದು ಪ್ರತೀತಿ. ಅದನ್ನು ನೆನಪಿಟ್ಟುಕೊಂಡು ಅವರ 'ಮೋಹನತರಂಗಿಣಿ'ಯ ಬಾಣಾಸುರನ ಯುದ್ಧವನ್ನು ಓದಿದರೆ ಅನುಭವವೇ ಬೇರೆ.

ಸವಣೂರು ಕಂಡ ದಂಡುಗಳು ಒಂದೆರಡಲ್ಲ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನ ಸೇನೆ, ಅದರ ಜೊತೆ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳು. 1786ರಲ್ಲಿ ಟಿಪ್ಪುವಿನ ಸೈನ್ಯ. ನವಾಬ ಅಬ್ದುಲ್ ಹಕೀಂ ಖಾನ್ ಮರಾಠರ ಆಸರೆಗೆ ಹೋದ. ನವಾಬ ಹೋದ ಮೇಲೆ ಊರಲ್ಲಿ ಉಳಿದವರ ಅಡುಗೆಮನೆಯಲ್ಲಿ ಏನಿತ್ತು? ಒಪ್ಪಂದದ ಕಾಗದಗಳು ಅದನ್ನು ಹೇಳುವುದಿಲ್ಲ.

ಅಂಥದ್ದನ್ನು ಲಾವಣಿ ಹೇಳುತ್ತದೆ. 1857ರ ಹತಾರ ಕಾಯ್ದೆಗೆ ತಲೆಬಾಗದ ಮುಧೋಳ ಸೀಮೆಯ ಹಲಗಲಿಯನ್ನು ಕಂಪನಿ ಸೈನ್ಯ ಸುಟ್ಟಿತು. ಹಲಗಲಿಯ ಲಾವಣಿ ಬಂಡೆದ್ದ ಜಡಗ, ಬಾಲ, ಹನುಮ, ರಾಮರ ಹೆಸರು ಹಿಡಿದು ಹಾಡುತ್ತದೆ. ಆಮೇಲೆ ಲೂಟಿಯಾದದ್ದನ್ನು ಎಣಿಸುತ್ತದೆ. ಹಾಲು ಮೊಸರು, ಉಪ್ಪು, ಅರಿಷಿಣ, ಕೊಡಲಿ, ಬೀಸುವ ಕಲ್ಲು, ಕೊರಳ ಮಂಗಳಸೂತ್ರ. ಬೀಸುವ ಕಲ್ಲನ್ನೂ ಬಿಡಲಿಲ್ಲ ಎಂದ ಮೇಲೆ ಸೂರೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಇಂಥ ಲಾವಣಿಗಳನ್ನು ಕೂಡಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ಹಾನಗಲ್ಲಿನ ಕದಂಬರ ಚರಿತ್ರೆ ಬರೆದವನೂ ಅವನೇ. ಬಂಡಾಯ ಹತ್ತಿಕ್ಕಿದ ಆಳ್ವಿಕೆಯ ನೌಕರನ ಕೈಯಿಂದಲೇ ಬಂಡಾಯದ ಹಾಡು ಉಳಿಯಿತು.

ಎರಡನೇ ಮಹಾಯುದ್ಧದ ಕಾಲಕ್ಕೆ ಸ್ವಾತಂತ್ರ್ಯ ಹೋರಾಟದ ರೂಪದಲ್ಲಿ ಕಾಳಗ ಮತ್ತೆ ಈ ಸೀಮೆಯ ಅಂಗಳಕ್ಕೇ ಬಂತು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಬಿದ್ದರು. ಮೊದಲ ಹೆಸರನ್ನು ನಾಡೆಲ್ಲ ಬಲ್ಲದು. ಉಳಿದೆರಡು ಹೆಸರುಗಳೂ ಶಾಲೆಯ ಮಕ್ಕಳ ಬಾಯಲ್ಲಿ ಬರಬೇಕು.

ಹಲಗಲಿಯ ಲಾವಣಿಯನ್ನು ನಮ್ಮ ಮಕ್ಕಳು 10ನೇ ತರಗತಿಯಲ್ಲಿ ಓದುತ್ತಾರೆ, ಅದೂ ಭಾವಾರ್ಥ ಬರೆಯಲು. ಲಾವಣಿ ಕೂತು ಓದುವ ಪದವಲ್ಲ. ಡಪ್ಪಿನ ಪೆಟ್ಟು ಬೀಳಬೇಕು, ತುಂತುಣಿ ಮಿಡಿಯಬೇಕು, ಮುಂದಿನವ ಎತ್ತಿಕೊಟ್ಟದ್ದಕ್ಕೆ ಹಿಂದಿನವರು 'ಜೀ' ಎನ್ನಬೇಕು. ಶಿಗ್ಗಾವಿ ಪಕ್ಕದ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಾಡುವ ಮೇಳಗಳನ್ನು ಈ ಸೀಮೆಯ ಹೈಸ್ಕೂಲುಗಳಿಗೆ ಅದು ಕಳಿಸಲಿ. ಪಾಠ ಬರುವ ವಾರವೇ ಕಳಿಸಲಿ.