ಫ್ರಿಜ್ ತಂಪಾಗುತ್ತಿಲ್ಲವೇ? ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬಂದು ಫ್ರಿಜ್ ಬಾಗಿಲು ತೆಗೆದಿರಿ. ಒಳಗೆ ದೀಪ ಉರಿಯುತ್ತಿದೆ, ತಂಪು ಮಾತ್ರ ಇಲ್ಲ. ಮೊಸರು ಹುಳಿ ಬಂದಿದೆ, ಬೆಣ್ಣೆ ಕರಗಿದೆ. ಮುಂದೆ ಹುಟ್ಟುವ ಕರುವಿಗೆಂದು ಫ್ರೀಜರ್‌ನಲ್ಲಿ ತೆಗೆದಿಟ್ಟ ಗಿಣ್ಣುಹಾಲೂ ನೀರಾಗುತ್ತಿದೆ. ಮೈಸೂರಿನ ಕೆಸರೆಯಲ್ಲಿರಲಿ, ಮೇಟಗಳ್ಳಿಯಲ್ಲಿರಲಿ, ಹಸು ಕಟ್ಟಿದ ಮನೆಯಲ್ಲಿ ಹಳೆಯ ಫ್ರಿಜ್ ನಿಂತರೆ ನಷ್ಟ ಅಡುಗೆಮನೆಗಷ್ಟೇ ಅಲ್ಲ, ಕೊಟ್ಟಿಗೆಗೂ ತಟ್ಟುತ್ತದೆ.

ಗಾಬರಿ ಬೇಡ. ಎಷ್ಟೋ ಸಲ ದೋಷ ಚಿಕ್ಕದಾಗಿರುತ್ತದೆ. ನೀವೇ ಕಂಡುಹಿಡಿಯಬಹುದು.

ಮೊದಲು ಒಳಗಿರುವುದನ್ನು ಉಳಿಸಿ

ಬಾಗಿಲನ್ನು ಪದೇಪದೇ ತೆಗೆಯಬೇಡಿ. ಮುಚ್ಚಿಟ್ಟರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ. ಮನೆ ಬಳಕೆಯ ಹಾಲು ಕೆಡದಿದ್ದರೆ ಕೂಡಲೇ ಕಾಯಿಸಿಬಿಡಿ. ರಾತ್ರಿ ಉಳಿದ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಿ ಸಂಘಕ್ಕೆ ಹಾಕಲೇಬೇಡಿ. ಒಬ್ಬರ ಹುಳಿ ಹಾಲು ಎಲ್ಲರ ಹಾಲನ್ನೂ ಕೆಡಿಸುತ್ತದೆ. ಗಿಣ್ಣುಹಾಲಿನಲ್ಲಿ ಇನ್ನೂ ಮಂಜುಗಡ್ಡೆ ಇದ್ದರೆ ಪಕ್ಕದ ಮನೆಯ ಫ್ರೀಜರ್‌ಗೆ ಸಾಗಿಸಿ. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಕರುವಿಗೆ ಕುಡಿಸಬೇಡಿ. ತಂಪಿನಲ್ಲಿಡಬೇಕಾದ ಹಸುವಿನ ಔಷಧಿ ಇದ್ದರೆ ಪಶುವೈದ್ಯರನ್ನು ಕೇಳದೆ ಬಳಸಬೇಡಿ. ಪಶುವೈದ್ಯ ಸಹಾಯವಾಣಿ 1962.

ಈಗ ಒಂದೊಂದಾಗಿ ನೋಡಿ

ಕರೆಂಟ್: ಒಳಗಿನ ದೀಪವೂ ಉರಿಯದಿದ್ದರೆ ಪ್ಲಗ್, ಸ್ವಿಚ್, ಸ್ಟೆಬಿಲೈಸರ್ ನೋಡಿ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿದರೆ ಕರೆಂಟ್ ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ದೀಪ ಮಂಕಾಗಿ, ಫ್ಯಾನ್ ನಿಧಾನವಾಗಿ ತಿರುಗುತ್ತಿದ್ದರೆ ವೋಲ್ಟೇಜ್ ಕಡಿಮೆ ಇದೆ. ಆಗ ಫ್ರಿಜ್ ಆರಿಸಿಡಿ. ದಿನವೂ ಹೀಗಾದರೆ 1912ಕ್ಕೆ ದೂರು ಕೊಡಿ.

ತಿರುಗುಣಿ: ಒಳಗಿರುವ ಥರ್ಮೋಸ್ಟಾಟ್ ತಿರುಗುಣಿಯನ್ನು ಮಕ್ಕಳು ಸೊನ್ನೆಗೆ ತಿರುಗಿಸಿರಬಹುದು. ನಡುವಿನ ಅಂಕಿಗೆ ತನ್ನಿ.

ಹಿಂಬದಿ: ಪ್ಲಗ್ ಕಿತ್ತು ಫ್ರಿಜ್ಜನ್ನು ಮುಂದೆಳೆದು ನೋಡಿ. ಒಳಗಿನ ಬಿಸಿ ಹೊರಹೋಗುವುದು ಹಿಂಬದಿಯ ಕಪ್ಪು ಜಾಲರಿಯಿಂದ. ನಮ್ಮ ಮನೆಗಳಲ್ಲಿ ಅದರ ತುಂಬ ಹುಲ್ಲಿನ ಧೂಳು, ಬೂಸಾ ಹುಡಿ. ಒಣ ಬ್ರಷ್‌ನಿಂದ ಗುಡಿಸಿ. ಗೋಡೆಗೂ ಜಾಲರಿಗೂ ನಡುವೆ ಒಂದು ಗೇಣು ಜಾಗ ಬಿಡಿ.

ಮಂಜುಗಡ್ಡೆ: ಫ್ರೀಜರ್‌ನಲ್ಲಿ ಬೆರಳು ದಪ್ಪ ಗಡ್ಡೆ ಕಟ್ಟಿದ್ದರೆ ಕೆಳಗೆ ತಂಪು ಇಳಿಯದು. ಫ್ರಿಜ್ ಆರಿಸಿ, ಬಾಗಿಲು ತೆರೆದಿಟ್ಟು ತಾನಾಗಿ ಕರಗಲು ಬಿಡಿ. ಚಾಕು, ಚಮಚದಿಂದ ಕೆತ್ತಬೇಡಿ. ಒಂದು ಸಣ್ಣ ತೂತು ಬಿದ್ದರೂ ಗ್ಯಾಸೆಲ್ಲ ಹೋಗುತ್ತದೆ.

ಬಾಗಿಲ ರಬ್ಬರ್: ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಸೋಪು ನೀರಿನಲ್ಲಿ ಒರೆಸಿ ನೋಡಿ, ಹರಿದಿದ್ದರೆ ಬದಲಿಸಿ.

ಇಷ್ಟಾದ ಮೇಲೆ ಪ್ಲಗ್ ಹಾಕಿ. ಆರಿಸಿದ ಫ್ರಿಜ್ಜನ್ನು ಮತ್ತೆ ಹಾಕುವ ಮುನ್ನ 5 ನಿಮಿಷ ಕಾಯಲೇಬೇಕು. ಇಲ್ಲದಿದ್ದರೆ ಕಂಪ್ರೆಸರ್‌ಗೆ ಪೆಟ್ಟು.

ಶಬ್ದವೇ ರೋಗ ಹೇಳುತ್ತದೆ

‘ಟಕ್’ ಎಂದು ಸ್ವಲ್ಪ ಗುಂಯ್‌ಗುಟ್ಟಿ ಮತ್ತೆ ‘ಟಕ್’ ಎಂದು ನಿಂತರೆ ವೋಲ್ಟೇಜ್ ಕಡಿಮೆ, ಇಲ್ಲವೇ ರಿಲೇ ಕೆಟ್ಟಿರಬಹುದು. ರಿಲೇ ಬೆಲೆ ಕಂಪ್ರೆಸರ್‌ಗಿಂತ ತುಂಬ ಕಡಿಮೆ. ‘ಕಂಪ್ರೆಸರ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ, ‘ರಿಲೇ, ಓವರ್‌ಲೋಡ್ ನೋಡಿದಿರಾ?’ ಎಂದು ಕೇಳಿ.

ಬಿಡದೆ ಓಡುತ್ತಿದ್ದು, ಹಿಂಬದಿಯ ಜಾಲರಿ ಬೆಚ್ಚಗಾಗದೆ, ಫ್ರೀಜರ್ ಕೂಡ ತಣ್ಣಗಾಗದಿದ್ದರೆ ಗ್ಯಾಸ್ ಸೋರಿರಬಹುದು. ಸೋರಿಕೆ ಎಲ್ಲಿ ಎಂದು ಹುಡುಕಿ ಮುಚ್ಚದೆ ಬರೀ ಗ್ಯಾಸ್ ತುಂಬಿಸಿದರೆ, ಕೊಟ್ಟ ಹಣವೂ ಗ್ಯಾಸ್ ಜೊತೆ ಹೋದಂತೆಯೇ. ಯಾವ ಗ್ಯಾಸ್ ಎಂಬುದು ಫ್ರಿಜ್ ಮೇಲಿನ ಚೀಟಿಯಲ್ಲಿರುತ್ತದೆ. ಆರ್-12 ಎಂದಿದ್ದರೆ ಅದು ಬಹಳ ಹಳೆಯದು. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು ನಮ್ಮ ದೇಶದಲ್ಲಿ 2010ರ ವೇಳೆಗೆ ನಿಲ್ಲಿಸಲಾಗಿದೆ. ಅಂಥ ಫ್ರಿಜ್‌ಗೆ ದೊಡ್ಡ ಖರ್ಚು ಮಾಡುವುದು ಲಾಭವಲ್ಲ. ಆರ್-600ಎ ಎಂದಿದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್. ತಿಳಿದವರ ಕೈಗೇ ಕೊಡಿ, ರಿಪೇರಿ ವೇಳೆ ಕಿಟಕಿ ಬಾಗಿಲು ತೆಗೆದಿರಲಿ.

ಇದನ್ನು ಮರೆಯಬೇಡಿ

ಹಾಲು ಕರೆದು, ಕೊಟ್ಟಿಗೆ ತೊಳೆದು ಒದ್ದೆ ಕೈ, ಬರಿಗಾಲಿನಲ್ಲಿ ಫ್ರಿಜ್ ಮುಟ್ಟುವುದು ನಮ್ಮ ರೂಢಿ. ಮುಟ್ಟಿದಾಗ ಸ್ವಲ್ಪ ‘ಜುಂ’ ಎಂದರೂ ಸುಮ್ಮನಿರಬೇಡಿ. ಮೇನ್ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಬಳಿ ಅರ್ಥಿಂಗ್ ನೋಡಿಸಿ. ಕಂಪ್ರೆಸರ್ ಬಳಿಯ ವೈರಿಗೆ ನೀವು ಕೈ ಹಾಕಬೇಡಿ. ಪೂರ್ತಿ ಕೆಟ್ಟ ಫ್ರಿಜ್ಜನ್ನು ಹಿತ್ತಲಿನಲ್ಲಿ ಇಡುವುದಾದರೆ ಬಾಗಿಲು ಕಳಚಿಡಿ. ಆಟವಾಡುವ ಮಕ್ಕಳು ಒಳಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ.

ಹಸು ಮೇವು ಬಿಟ್ಟರೆ ಕಣ್ಣು, ಕಿವಿ, ಸಗಣಿ ನೋಡಿ ಏನಾಗಿದೆ ಎಂದು ಅಂದಾಜು ಮಾಡುವವರು ನೀವು. ಫ್ರಿಜ್ಜಿಗೂ ಅದೇ ಕಣ್ಣು ಸಾಕು. ಮುಂದಿನ ಭಾನುವಾರ ಒಂದು ಬ್ರಷ್ ಹಿಡಿದು ಅದರ ಹಿಂಬದಿ ನೋಡಿ. ಬೇಸಿಗೆಯಲ್ಲಿ ನಿಮ್ಮ ಮೊಸರೂ ಉಳಿದೀತು, ಕರುವಿನ ಗಿಣ್ಣೂ ಉಳಿದೀತು.